ಎಳೆಯುವುದು ಸುಲಭ, ಹೊರುವುದು ಕಷ್ಟ

ಪ್ರಶ್ನೆ: ನಾವು ಹಾಸನದ ಕಡೆಯವರು, ಮೆಲ್ಬರ್ನ್‌ಗೆ ಬಂದು 27 ವರ್ಷವಾಯಿತು. ನನಗೆ 66, ಮುಂದಿನ ಏಪ್ರಿಲ್‌ನಲ್ಲಿ ಕೆಲಸ ಬಿಡುತ್ತಿದ್ದೇನೆ. ಮನೆಯನ್ನು ಬಾಡಿಗೆಗೆ ಕೊಟ್ಟು, ಎರಡು ಮೂರು ವರ್ಷ ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆಯಾದ ಕ್ಯಾರವಾನ್‌ನಲ್ಲೇ ಇದ್ದುಕೊಂಡು ಇಡೀ ಆಸ್ಟ್ರೇಲಿಯಾ ಸುತ್ತುವ ಆಸೆ. 21 ಅಡಿಯ ಕ್ಯಾರವಾನ್ ಒಂದನ್ನು ನೋಡಿ ಬಂದಿದ್ದೇವೆ. ಟೇರ್ 2,540 ಕಿಲೋ, ಎಟಿಎಂ 3,000 ಕಿಲೋ. ಮುಂಗಡ ಇನ್ನೂ ಕೊಟ್ಟಿಲ್ಲ. ಈಗಿರುವ ಟೊಯೊಟಾ ಕ್ಲೂಗರ್ 2,000 ಕಿಲೋವರೆಗೆ ಮಾತ್ರ ಎಳೆಯುತ್ತದೆ. 'ಡಬಲ್ ಕ್ಯಾಬ್ ಯೂಟ್ (ಎರಡು ಸಾಲು ಸೀಟಿನ ಪಿಕಪ್) ತೆಗೆದುಕೊಳ್ಳಿ, 3,500 ಎಳೆಯುತ್ತದೆ, ಇನ್ನೂ 500 ಕಿಲೋ ಮಿಕ್ಕುತ್ತದೆ' ಎನ್ನುತ್ತಾನೆ ಮಗ. ಲ್ಯಾಂಡ್‌ಕ್ರೂಸರ್ ಬಿಟ್ಟು ಬೇರೇನೂ ನೋಡಬೇಡಿ ಎನ್ನುತ್ತಾರೆ ಗೆಳೆಯರು. ಯಾರ ಮಾತು ಕೇಳಲಿ?

(ಪತ್ರದ ಕೊನೆಯಲ್ಲಿ ಬೇರೆ ಕೈಬರಹದಲ್ಲಿ ಎರಡು ಸಾಲು: 'ಯಜಮಾನರು ಹೇಳಲು ಮರೆತಿದ್ದಾರೆ. ನನಗೆ ಮಂಡಿ ನೋವು. ಅಷ್ಟು ದೊಡ್ಡದನ್ನು ನಾನು ಓಡಿಸುವುದು ಸಾಧ್ಯವೇ, ಬೇಕೇ?')

ಉತ್ತರ: ಮುಂಗಡ ಕೊಡುವ ಮೊದಲೇ ಬರೆದಿರಿ, ಒಳ್ಳೆಯದಾಯಿತು. ನನಗೆ ಬರುವ ಪತ್ರಗಳಲ್ಲಿ ಹತ್ತಕ್ಕೆ ಎಂಟು, ಕ್ಯಾರವಾನ್ ಮನೆಯ ಮುಂದೆ ಬಂದು ನಿಂತ ಮೇಲೆ ಬರೆದವು.

ನೀವು ಹಾಸನದ ಕಡೆಯವರು ಎಂದಿರಿ. ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿಯೇ ಇರುತ್ತೀರಿ. ಮುಂಭಾರವಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಕುತ್ತಿಗೆಗೆ ಒತ್ತುತ್ತದೆ. ಎತ್ತು ಎಷ್ಟು ಎಳೆಯುತ್ತದೆ ಎಂದು ಕೇಳುವ ಮುಂಚೆ ಅದರ ಹೆಗಲ ಮೇಲೆ ಎಷ್ಟು ಕೂತಿದೆ ಎಂದು ನೋಡುತ್ತಿದ್ದರು. ಕ್ಯಾರವಾನ್ ವಿಷಯವೂ ಇಷ್ಟೇ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವ 3,500 ಎಳೆಯುವ ಲೆಕ್ಕ. ಗಾಡಿಯನ್ನು ಸೋಲಿಸುವುದು ಹೊರುವ ಲೆಕ್ಕ.

ನಿಮ್ಮ ಕ್ಯಾರವಾನ್‌ನಿಂದಲೇ ಶುರು ಮಾಡೋಣ. ಟೇರ್ ಎಂದರೆ ಖಾಲಿ ತೂಕ. ಎಟಿಎಂ ಎಂದರೆ ಎಲ್ಲ ತುಂಬಿಕೊಂಡಾಗ ಅದು ಮೀರಬಾರದ ತೂಕ (ಹಣ ಕೊಡುವ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಹಣ ನುಂಗುವುದು). ಎರಡರ ನಡುವೆ ನಿಮಗೆ ಸಿಕ್ಕಿರುವುದು 460 ಕಿಲೋ. ಈ ಅಳತೆಯ ಕ್ಯಾರವಾನ್‌ಗೆ ಸಾಮಾನ್ಯವಾಗಿ 95 ಲೀಟರಿನ ಎರಡು ನೀರಿನ ಟ್ಯಾಂಕ್ ಇರುತ್ತವೆ. ತುಂಬಿದರೆ 190 ಕಿಲೋ. ಎರಡು ಸಿಲಿಂಡರಿನ ಗ್ಯಾಸ್ 18. ಉಳಿದ 252 ಕಿಲೋದಲ್ಲಿ ಹಾಸಿಗೆ, ಬಟ್ಟೆ, ಪಾತ್ರೆ, ಕುರ್ಚಿ, ಮೇಜು, ಔಷಧಿ, ಪುಸ್ತಕ, ಮಳೆಗಾಲದ ಬೂಟು. ಹದಿನೈದು ದಿನದ ಪ್ರವಾಸಕ್ಕೆ ಇದು ಧಾರಾಳ. ಮನೆಯೇ ಅದಾದಾಗ ಸಾಲದು. ನಮ್ಮವರ ಕ್ಯಾರವಾನ್‌ನಲ್ಲಂತೂ 20 ಕಿಲೋ ಸೋನಾ ಮಸೂರಿ ಚೀಲ ಮತ್ತು ಗ್ರೈಂಡರ್ ಇಲ್ಲದೆ ಪ್ರಯಾಣ ಹೊರಡುವುದಿಲ್ಲ. ನಾವಿಬ್ಬರು ಮೊದಲ ಸಲ ವೇಬ್ರಿಡ್ಜ್ (ಗಾಡಿ ತೂಗುವ ಕಟ್ಟೆ) ಮೇಲೆ ನಿಂತಾಗ 180 ಕಿಲೋ ಹೆಚ್ಚಾಗಿತ್ತು. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಒಂದೊಂದಾಗಿ ಇಳಿಸಿದೆವು. ಗ್ರೈಂಡರ್ ಉಳಿಯಿತು, ನನ್ನ ಹತ್ಯಾರದ ಪೆಟ್ಟಿಗೆ ಅರ್ಧವಾಯಿತು.

ಆದ್ದರಿಂದ ನಿಮ್ಮ ಕ್ಯಾರವಾನ್ ತೂಗುವುದು 3,000 ಎಂದೇ ಇಟ್ಟುಕೊಳ್ಳಿ. ಅದರ ಸುಮಾರು ಹತ್ತನೆಯ ಒಂದು ಭಾಗ, ಅಂದರೆ 300 ಕಿಲೋ, ಟೋ ಬಾಲ್ (ಕ್ಯಾರವಾನ್ ಸಿಕ್ಕಿಸಲು ಗಾಡಿಯ ಹಿಂದಿರುವ ಗುಂಡು) ಮೇಲೆ ಕೂರುತ್ತದೆ. ಇದೇ ನಮ್ಮ ಮುಂಭಾರ. ಇದು ಕಡಿಮೆಯಾದರೆ ಹೆದ್ದಾರಿಯಲ್ಲಿ ಕ್ಯಾರವಾನ್ ಬಾಲ ಅಲ್ಲಾಡಿಸಲು ತೊಡಗುತ್ತದೆ. ಬಾಲವೇ ನಾಯಿಯನ್ನು ಅಲ್ಲಾಡಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮುಂಭಾರ ಬೇಕು. ಆದರೆ ಅದನ್ನು ಎಳೆಯುವ ಗಾಡಿ ಹೊರಬೇಕು.

ಈಗ ಮಗ ಹೇಳಿದ ಯೂಟ್‌ಗೆ ಬರೋಣ. ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳುತ್ತೇನೆ, ನೀವು ನೋಡುವ ಗಾಡಿಯ ಅಂಕಿಗಳನ್ನು ಈ ಜಾಗದಲ್ಲಿ ಹಾಕಿಕೊಳ್ಳಿ. ಖಾಲಿ ತೂಕ 2,150. ಜಿವಿಎಂ, ಅಂದರೆ ಗಾಡಿ ಎಲ್ಲ ಹೊತ್ತು ತೂಗಬಹುದಾದ ಗರಿಷ್ಠ, 3,100. ಜಿಸಿಎಂ, ಅಂದರೆ ಗಾಡಿ ಮತ್ತು ಕ್ಯಾರವಾನ್ ಎರಡೂ ಸೇರಿ ತೂಗಬಹುದಾದ ಗರಿಷ್ಠ, 5,850. ಎಳೆಯುವ ಮಿತಿ 3,500.

ಮೊದಲು ಈ 3,500 ಎಷ್ಟು ಪೊಳ್ಳು ಎಂದು ನೋಡಿ. 5,850ರಲ್ಲಿ 3,500 ಕಳೆದರೆ 2,350. ಅದರಲ್ಲಿ ಗಾಡಿಯ ಖಾಲಿ ತೂಕ ಕಳೆದರೆ 200 ಕಿಲೋ. ನಿಜವಾಗಿಯೂ 3,500 ಎಳೆದರೆ ಗಾಡಿಯೊಳಗೆ ಗಂಡ, ಹೆಂಡತಿ, ಒಂದು ಕೈಚೀಲ, ಮುಗಿಯಿತು. ಈ ಸಂಖ್ಯೆ ಸುಳ್ಳಲ್ಲ. ಖಾಲಿ ಗಾಡಿಯ ಸತ್ಯ ಅದು.

ನಿಮ್ಮದು 3,000, ಆದ್ದರಿಂದ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ. ಗಾಡಿ ಹೊರಬಲ್ಲದ್ದು 950. ಟೋ ಬಾಲ್ ಮೇಲಿನ 300 ಹೋಗಿ 650. ನೀವಿಬ್ಬರು 150, ಉಳಿದದ್ದು 500. ಹಿಂಬದಿಯ ತೊಟ್ಟಿಗೆ ಮುಚ್ಚುವ ಕ್ಯಾನೋಪಿ 120. ಬುಲ್‌ಬಾರ್ ಮತ್ತು ಟೋ ಬಾರ್ ಸೇರಿ 100. ಡ್ರಾಯರ್, ಎರಡನೆಯ ಬ್ಯಾಟರಿ, ಫ್ರಿಜ್ 130. ಜ್ಯಾಕು, ಹಗ್ಗ, ಸ್ಪ್ಯಾನರು, ಕಂಪ್ರೆಸರ್ 80. ಕೊನೆಗೆ ಕೈಯಲ್ಲಿರುವುದು 70 ಕಿಲೋ. ಮಗ ಹೇಳಿದ 500 ಎಲ್ಲಿ ಹೋಯಿತು ನೋಡಿದಿರಾ?

ಇನ್ನೂ ಒಂದಿದೆ. ಟೋ ಬಾಲ್ ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರಿಗೂ ಹೆಚ್ಚು ಹಿಂದೆ ಇರುತ್ತದೆ. ಹಾರೆಯ ಲೆಕ್ಕ ಇಲ್ಲಿ ಕೆಲಸ ಮಾಡುತ್ತದೆ. ಬಾಲ್ 1.2 ಮೀಟರ್ ಹಿಂದಿದ್ದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3.1 ಮೀಟರ್ ಆದರೆ, ಆ 300 ಕಿಲೋ ಹಿಂದಿನ ಆಕ್ಸಲ್ ಮೇಲೆ ಸುಮಾರು 416 ಆಗಿ ಬೀಳುತ್ತದೆ. ಹೆಚ್ಚಿನ 116 ಮುಂದಿನ ಚಕ್ರಗಳಿಂದ ಕಿತ್ತುಕೊಂಡದ್ದು. ಸ್ಟೀರಿಂಗ್ ಮತ್ತು ಬ್ರೇಕಿನ ಮುಖ್ಯ ಕೆಲಸ ಮುಂದಿನ ಚಕ್ರಗಳದ್ದೇ. ಯೂಟ್‌ನ ಹಿಂಭಾಗ ಕುಸಿದು, ಹೆಡ್‌ಲೈಟು ಆಕಾಶ ನೋಡುವುದು ಇದರಿಂದಲೇ. ಆಕ್ಸಲ್‌ಗಳಿಗೆ ಪ್ರತ್ಯೇಕ ಮಿತಿ ಇದೆ. ಒಟ್ಟು ತೂಕ ಸರಿ ಇದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು. ಸ್ಪ್ರಿಂಗಿನ ಪಟ್ಟಿಗಳಿರುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದರೆ ಸ್ವಲ್ಪ ಭಾರ ಮುಂದಕ್ಕೆ ಮರಳುತ್ತದೆ. ಎಲ್ಲ ಗಾಡಿಗಳ ತಯಾರಕರೂ ಅದಕ್ಕೆ ಒಪ್ಪುವುದಿಲ್ಲ, ಗಾಡಿಯ ಕೈಪಿಡಿ ನೋಡಿ. ಹಿಂಭಾಗ ಎತ್ತರಿಸಲು ಗಾಳಿಚೀಲ ತುರುಕಿಸಿಕೊಳ್ಳುವವರಿಗೆ ಒಂದು ಮಾತು: ಅದು ಗಾಡಿಯ ಭಂಗಿಯನ್ನು ಸರಿಮಾಡುತ್ತದೆ, ಭಾರವನ್ನಲ್ಲ.

ಲ್ಯಾಂಡ್‌ಕ್ರೂಸರ್? ನಿಮ್ಮ ಗೆಳೆಯರು ಅರ್ಧ ಸರಿ. 300 ಮಾದರಿಯ ಜಿಸಿಎಂ 6,750, ಜಿವಿಎಂ 3,280. ತಾನು ಪೂರ್ತಿ ತುಂಬಿಕೊಂಡೂ ನಿಮ್ಮ 3,000ವನ್ನು ಆರಾಮವಾಗಿ ಎಳೆಯುತ್ತದೆ. ಗಾಡಿಯೇ ಭಾರವಿರುವುದರಿಂದ ಹಿಂದಿನ ಕ್ಯಾರವಾನ್ ಅದನ್ನು ಅಷ್ಟು ಸುಲಭವಾಗಿ ಎಳೆದಾಡಲಾರದು. ಆದರೆ ಆ ಭಾರವೇ ಅದಕ್ಕೆ ಶಾಪ. ಮೇಲುದರ್ಜೆಯ ಮಾದರಿಗಳು ಹೊರಬಲ್ಲದ್ದು ಸುಮಾರು 650 ಕಿಲೋ. ಟೋ ಬಾಲ್‌ಗೆ 300, ನಿಮ್ಮಿಬ್ಬರಿಗೆ 150, ಉಳಿದದ್ದು 200. ಬುಲ್‌ಬಾರ್, ಚಾವಣಿಯ ರ‍್ಯಾಕ್, ಡ್ರಾಯರ್ ಎಂದು ಅಲಂಕಾರ ಶುರುವಿಟ್ಟರೆ ರಾಜನೂ ದಿವಾಳಿ. ನಿಸ್ಸಾನ್ ಪಟ್ರೋಲ್ (Patrol) ಎಂಬ ದೊಡ್ಡ ಎಸ್‌ಯುವಿಯ ಕಥೆಯೂ ಹೆಚ್ಚು ಕಡಿಮೆ ಇದೇ. ಅದರ 5.6 ಲೀಟರಿನ ವಿ8 ಎಂಜಿನ್ ಏರಿನಲ್ಲಿ ಉಸಿರು ಬಿಡುವುದಿಲ್ಲ, ಆದರೆ ಪೆಟ್ರೋಲ್ ಕುಡಿಯುವಾಗಲೂ ಬಿಡುವುದಿಲ್ಲ. ಅಮೆರಿಕದ ದೊಡ್ಡ ಪಿಕಪ್‌ಗಳು 70 ಮಿಲಿಮೀಟರ್ ಬಾಲ್ ಹಾಕಿಕೊಂಡು 4,500 ಎಳೆಯುತ್ತವೆ. ನಿಮಗೆ ಬೇಕಿಲ್ಲ. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಅದನ್ನು ತುರುಕುವುದೇ ಒಂದು ದಿನದ ಕೆಲಸ.

ಜಿವಿಎಂ ಹೆಚ್ಚಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಬೇರೆ ಸ್ಪ್ರಿಂಗ್ ಹಾಕಿ, ಪ್ರಮಾಣಪತ್ರ ಕೊಟ್ಟು ಮಾಡುವ ಕಾನೂನುಬದ್ಧ ಕೆಲಸವೇ ಅದು. ಜಿವಿಎಂ ಏರಿದ ಮಾತ್ರಕ್ಕೆ ಜಿಸಿಎಂ ತಾನಾಗಿ ಏರುವುದಿಲ್ಲ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಒಂದು ಜೇಬು ಹೊಲಿಸಿಕೊಂಡು ಇನ್ನೊಂದು ಜೇಬಿನಿಂದ ಕಳೆದುಕೊಂಡಂತೆ.

ನನ್ನ ತೀರ್ಮಾನ ಕೇಳುತ್ತೀರಾದರೆ, ಗಾಡಿ ಬದಲಿಸುವ ಮುಂಚೆ ಕ್ಯಾರವಾನ್ ಬದಲಿಸಿ. ಇಬ್ಬರಿಗೆ 21 ಅಡಿ ಬೇಡ. 18 ಅಡಿಯ, 2,500 ಎಟಿಎಂನ ಕ್ಯಾರವಾನ್‌ನಲ್ಲೂ ಹಾಸಿಗೆ, ಶೌಚಾಲಯ, ಒಲೆ ಎಲ್ಲ ಇರುತ್ತವೆ. ಟೇರ್ 2,000ರ ಆಸುಪಾಸಿನದನ್ನು ಹುಡುಕಿ. ಆಗ ಟೋ ಬಾಲ್ ಮೇಲೆ 250, ಯೂಟ್‌ನಲ್ಲಿ ಕೈಯಲ್ಲಿ ಉಳಿಯುವುದು 120. ಪ್ರಾಡೋ, ಇಸುಝು ಎಂಯು-ಎಕ್ಸ್‌ನಂಥ ಮಧ್ಯಮ ವ್ಯಾಗನ್‌ಗಳೂ ಲೆಕ್ಕಕ್ಕೆ ಬರುತ್ತವೆ, ಅವು ಹೊರಬಲ್ಲದ್ದು ಕಡಿಮೆ ಎಂಬ ಎಚ್ಚರ ಇಟ್ಟುಕೊಂಡು. ಎಳೆಯುವ ಗಾಡಿ ತುಂಬಿದಾಗ, ತುಂಬಿದ ಕ್ಯಾರವಾನ್‌ಗಿಂತ ಭಾರವಿರಬೇಕು ಎಂಬುದು ನಾನು ಪಾಲಿಸುವ ನಿಯಮ. ಕಾನೂನಿನಲ್ಲಿ ಹಾಗಿಲ್ಲ, ನನ್ನ ನಿದ್ರೆಗೆ ಬೇಕು. 21 ಅಡಿಯೇ ಬೇಕೆಂದು ಮನೆಯಲ್ಲಿ ತೀರ್ಮಾನವಾಗಿದ್ದರೆ ಲ್ಯಾಂಡ್‌ಕ್ರೂಸರ್ 300ರ ಕೆಳದರ್ಜೆಯ ಮಾದರಿ ತೆಗೆದುಕೊಂಡು, ಅದಕ್ಕೆ ಏನನ್ನೂ ಅಂಟಿಸದೆ ಇಟ್ಟುಕೊಳ್ಳಿ.

ಯಾವುದೇ ಕೊಂಡರೂ, ಪೂರ್ತಿ ತುಂಬಿ, ನೀರು ಡೀಸೆಲ್ ಹಾಕಿಸಿ, ಇಬ್ಬರೂ ಕೂತು ವೇಬ್ರಿಡ್ಜ್‌ಗೆ ಹೋಗಿ. ಕ್ಯಾರವಾನ್ ಕಳಚದೆ ಗಾಡಿಯ ಚಕ್ರಗಳನ್ನು ಮಾತ್ರ ನಿಲ್ಲಿಸಿ ತೂಗಿದರೆ ಜಿವಿಎಂಗೆ ಹೋಲಿಸುವ ಸಂಖ್ಯೆ ಸಿಗುತ್ತದೆ. ಆಮೇಲೆ ಕ್ಯಾರವಾನಿನ ಚಕ್ರಗಳು. ಎರಡೂ ಕೂಡಿಸಿದರೆ ಜಿಸಿಎಂ ಲೆಕ್ಕ. ಕೊನೆಗೆ ಕ್ಯಾರವಾನನ್ನು ಕಳಚಿ ಅದೊಂದನ್ನೇ ತೂಗಿ, ಅದು ಎಟಿಎಂ ಮೀರಬಾರದು. ಈ ಕೊನೆಯ ತೂಕದಲ್ಲಿ ಮೊದಲಿನ ಚಕ್ರಗಳ ತೂಕ ಕಳೆದರೆ ಟೋ ಬಾಲ್ ಭಾರ. ಚೀಟಿಯನ್ನು ಗಾಡಿಯಲ್ಲೇ ಇಡಿ. ಮಿತಿ ಮೀರಿದ ಗಾಡಿಗೆ ದಂಡ ಬೀಳುವುದು ಒಂದು ಕಡೆ, ಅಪಘಾತವಾದರೆ ವಿಮೆಯವರು ಕೈ ಎತ್ತಲು ಅದೇ ನೆಪ ಸಾಕು.

ಇನ್ನು ಮೇಡಂ ಬರೆದ ಎರಡು ಸಾಲು. ನನಗೆ ಇಡೀ ಪತ್ರದಲ್ಲಿ ಅದೇ ಮುಖ್ಯವಾಗಿ ಕಂಡಿತು.

ಮೇಡಂ, ಸಾಧ್ಯ, ಮತ್ತು ಬೇಕೇ ಬೇಕು. ಯಜಮಾನರಿಗೆ ಊರಿಲ್ಲದ ಕಡೆ ಜ್ವರ ಬಂದರೆ ಗಾಡಿಯನ್ನು ಆಸ್ಪತ್ರೆಯ ಊರಿಗೆ ತರುವವರು ನೀವೇ. ಈಗಿರುವ ಕಾರಿನ ಲೈಸೆನ್ಸೇ ಸಾಕು. ಮೊದಲು ಶೋರೂಮಿನಲ್ಲಿ ನೀವು ಹತ್ತಿ ಇಳಿದು ನೋಡಿ, ಒಂದಲ್ಲ, ಹತ್ತು ಸಲ. ಮಂಡಿ ಒಪ್ಪದ ಗಾಡಿ ಎಷ್ಟೇ ಎಳೆದರೂ ಬೇಡ. ಪಕ್ಕದ ಮೆಟ್ಟಿಲು ಹಾಕಿಸಿಕೊಳ್ಳಬಹುದು, ಅದರ ತೂಕವನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿಕೊಂಡು. ಕ್ಯಾರವಾನ್ ಎಳೆಯುವುದನ್ನು ಕಲಿಸುವ ಒಂದು ದಿನದ ತರಬೇತಿಗೆ ಇಬ್ಬರೂ ಹೋಗಿ. ರಿವರ್ಸ್ ತೆಗೆಯುವಾಗ ಸ್ಟೀರಿಂಗನ್ನು ಕೆಳತುದಿಯಲ್ಲಿ ಹಿಡಿಯಿರಿ. ಕ್ಯಾರವಾನಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿದರೆ ಸಾಕು. ಖಾಲಿ ಮೈದಾನದಲ್ಲಿ ಎರಡು ಭಾನುವಾರ ಅಭ್ಯಾಸ ಮಾಡಿ. ಯಜಮಾನರು ಹೊರಗೆ ನಿಂತು ಕೂಗದಿದ್ದರೆ ಒಂದೇ ಭಾನುವಾರ ಸಾಕು.

ಡ್ಯಾಶ್‌ಬೋರ್ಡಿನಲ್ಲಿ ಕ್ಯಾರವಾನಿನ ವಿದ್ಯುತ್ ಬ್ರೇಕಿನ ಗುಂಡಿ ಇರುತ್ತದೆ. ಅದು ಎಲ್ಲಿದೆ ಎಂದು ನೋಡದೆಯೇ ಕೈಗೆ ಸಿಗುವಷ್ಟು ರೂಢಿಯಾಗಲಿ. ಕ್ಯಾರವಾನ್ ಓಲಾಡಲು ಶುರುವಾದರೆ ಕಾಲಿನ ಬ್ರೇಕ್ ಜೋರಾಗಿ ಒತ್ತಬಾರದು. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಸಡಿಲಿಸಿ, ಆ ಗುಂಡಿಯಿಂದ ಕ್ಯಾರವಾನಿನ ಬ್ರೇಕನ್ನಷ್ಟೇ ಹಿಡಿಸಿದರೆ ಹಿಂದಿನದು ಹಗ್ಗ ಜಗ್ಗಿದಂತೆ ನೆಟ್ಟಗಾಗುತ್ತದೆ. ಇಳಿಜಾರಿಗೆ ಶಿರಾಡಿ ಘಾಟಿಯ ಲಾರಿ ಚಾಲಕರ ನಿಯಮವೇ ಇಲ್ಲಿಯೂ: ಹತ್ತಿದ ಗೇರಿನಲ್ಲೇ ಇಳಿಯಬೇಕು.

ಪ್ರಶ್ನೆ: ನಮ್ಮದು ವಿದ್ಯುತ್ ಎಸ್‌ಯುವಿ, ಅಡಿಲೇಡ್‌ನಲ್ಲಿದ್ದೇವೆ. ಸಣ್ಣ ಕ್ಯಾರವಾನ್ ಕಟ್ಟಿಕೊಂಡು ನಲ್ಲರ್ಬರ್ ಬಯಲು ದಾಟಿ ಪರ್ತ್‌ಗೆ ಹೋಗಬಹುದೇ?

ಉತ್ತರ: ಹೋಗಬಹುದು, ಆತುರವಿಲ್ಲದಿದ್ದರೆ. ಹಿಂದೆ ಕ್ಯಾರವಾನ್ ಕಟ್ಟಿದಾಗ ಒಂದು ಚಾರ್ಜಿಗೆ ಓಡುವ ದೂರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಎದುರುಗಾಳಿ ಬೀಸಿದರೆ ಇನ್ನೂ ಕಡಿಮೆ. ಆ ಬಯಲಿನ ಪೂರ್ವಕ್ಕಿರುವ ಸೆಡುನಾದಿಂದ ಪಶ್ಚಿಮಕ್ಕಿರುವ ನಾರ್ಸ್‌ಮನ್‌ಗೆ ಸುಮಾರು 1,200 ಕಿಲೋಮೀಟರ್. ನಡುವೆ ಸಿಗುವುದು ಕೆಲವೇ ರೋಡ್‌ಹೌಸ್‌ಗಳು (ಇಂಧನ, ಊಟ ಸಿಗುವ ದಾರಿಬದಿಯ ತಂಗುದಾಣಗಳು). ಕೈಗುನಾದಿಂದ ಬಲ್ಲಡೋನಿಯಾ ಕಡೆಗೆ ಒಂದೇ ಒಂದು ತಿರುವಿಲ್ಲದ 146.6 ಕಿಲೋಮೀಟರ್ ನೇರ ರಸ್ತೆ ಇದೆ. ಎರಡು ರೋಡ್‌ಹೌಸ್‌ಗಳ ನಡುವಿನ ಅತಿ ಉದ್ದದ ಅಂತರವನ್ನು ನಿಮ್ಮ ಗಾಡಿಯ ಅರ್ಧ ದೂರಕ್ಕೆ ಹೋಲಿಸಿ ನೋಡಿ. ಡೀಸೆಲ್ ಗಾಡಿಯವರಿಗೂ ಇಂಥದೇ ಲೆಕ್ಕ ತಪ್ಪಿದ್ದಲ್ಲ. ಕ್ಯಾರವಾನ್ ಎಳೆಯುವಾಗ 100 ಕಿಲೋಮೀಟರಿಗೆ 15ರಿಂದ 20 ಲೀಟರ್ ಸಾಮಾನ್ಯ, 80 ಲೀಟರ್ ಟ್ಯಾಂಕು 400ಕ್ಕೇ ತಳ ಕಾಣಬಹುದು. ಆದರೆ ಅವರು ಐದು ನಿಮಿಷದಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಚಾರ್ಜರ್‌ಗಳು ಹೆಚ್ಚಾಗಿ ಒಂದೇ ಕಾರು ಮೂತಿ ಚಾಚಿ ನಿಲ್ಲುವಂತೆ ಕಟ್ಟಿದವು, ಆದ್ದರಿಂದ ಪ್ರತಿ ಸಲವೂ ಕ್ಯಾರವಾನ್ ಕಳಚಿ ಪಕ್ಕಕ್ಕೆ ನಿಲ್ಲಿಸಬೇಕಾಗಬಹುದು. ಹೊರಡುವ ಮೊದಲು ಒಂದು ವಾರಾಂತ್ಯ ಪೋರ್ಟ್ ಆಗಸ್ಟಾವರೆಗೆ ಹೋಗಿ ಬನ್ನಿ. ಸುಮಾರು 300 ಕಿಲೋಮೀಟರ್. ಎಷ್ಟು ಸಲ ಕಳಚಿ ಕಟ್ಟಿದಿರಿ ಎಂದು ಎಣಿಸಿ ನನಗೂ ಬರೆಯಿರಿ.