ಮೇಕೆ ಗಿಣ್ಣು ಕುಡಿದರೆ ಮೇಕೆಯ ಆಂಟಿಬಾಡಿ ನಮಗೂ ಬರುತ್ತದಾ?

ಪದೇ ಪದೇ ನೆಗಡಿಯಾಗುತ್ತದೆ, ಮೇಕೆ ಗಿಣ್ಣು ಹಾಲಿನ ಪುಡಿ ತೆಗೆದುಕೊಂಡರೆ ರೋಗ ತಡೆಯುವ ಶಕ್ತಿ ಬರುತ್ತದಾ ಅಂತ ಕೇಳಿದ್ದೀರಿ. ಪುಡಿ ಮಾರುವವರು ಹೇಳುವ ಹಾಗಂತೂ ಬರುವುದಿಲ್ಲ. ಹಾಗಂತ ಗಿಣ್ಣು ಸುಮ್ನೆ ದಪ್ಪಗಿರುವ ಹಾಲೂ ಅಲ್ಲ.

ನಾನು ಮೇಕೆ ಸಾಕಿದವನು. ಮರಿ ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಗಿಣ್ಣು ಕುಡಿಯಿತಾ ಇಲ್ಲವಾ ಅನ್ನುವುದೇ ನಮಗೆ ದೊಡ್ಡ ಚಿಂತೆ. ಮೇಕೆಯಲ್ಲಿ ತಾಯಿಯ ಆಂಟಿಬಾಡಿಗಳು, ಅಂದರೆ ರೋಗಾಣುಗಳನ್ನು ಎದುರಿಸುವ ಪ್ರೋಟೀನ್‌ಗಳು, ಮಾಸು ದಾಟಿ ಮರಿಗೆ ಹೋಗುವುದಿಲ್ಲ. ಹುಟ್ಟಿದ ಮರಿಯ ರಕ್ತದಲ್ಲಿ ಅವು ಇಲ್ಲವೇ ಇಲ್ಲ ಅನ್ನಬಹುದು. ಎಲ್ಲವೂ ಗಿಣ್ಣಿನಿಂದಲೇ ಬರಬೇಕು. ಅದರಲ್ಲಿ ತುಂಬಿರುವುದು ಐಜಿಜಿ ಅನ್ನುವ ಬಗೆಯ ಆಂಟಿಬಾಡಿ. ಮರಿಯ ಕರುಳು ಇಷ್ಟು ದೊಡ್ಡ ಪ್ರೋಟೀನನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಸುಮಾರು 24 ಗಂಟೆ ಮಾತ್ರ. ಆಮೇಲೆ ಆ ದಾರಿ ಮುಚ್ಚಿತು. ಮಾರನೇ ದಿನ ಎಷ್ಟು ಕುಡಿಸಿದರೂ ಅಷ್ಟಕ್ಕಷ್ಟೇ.

ನಮ್ಮ ಕಥೆ ಬೇರೆ. ಮನುಷ್ಯರಲ್ಲಿ ಐಜಿಜಿ ಹುಟ್ಟುವ ಮೊದಲೇ ಮಾಸಿನ ಮೂಲಕ ಮಗುವಿಗೆ ಬಂದಿರುತ್ತದೆ. ಅದಕ್ಕೇ ತಾಯಿಯ ಮೊದಲ ಹಾಲಿನಲ್ಲಿ ಜಾಸ್ತಿ ಇರುವುದು ಐಜಿಎ ಅನ್ನುವ ಇನ್ನೊಂದು ಬಗೆಯ ಆಂಟಿಬಾಡಿ. ಅದು ಕರುಳಿನಲ್ಲೇ ಉಳಿದು ಕಾವಲು ಕಾಯುತ್ತದೆ. ಇನ್ನು ದೊಡ್ಡವರು ಮೇಕೆ ಗಿಣ್ಣು ಕುಡಿದರೆ ಹೊಟ್ಟೆಯ ಆಸಿಡ್, ಪ್ರೋಟೀನ್ ಅರಗಿಸುವ ಪೆಪ್ಸಿನ್ ಸೇರಿ ಅದರ ಐಜಿಜಿಯನ್ನು ಮಾಮೂಲಿ ಪ್ರೋಟೀನಿನ ಹಾಗೆಯೇ ಕತ್ತರಿಸಿಹಾಕುತ್ತವೆ. ಅಲ್ಪಸ್ವಲ್ಪ ಉಳಿದರೂ ಅದರ ಕೆಲಸ ಕರುಳಿನೊಳಗೆ, ರಕ್ತದಲ್ಲಲ್ಲ. ಮೇಲಾಗಿ ಅವು ಮೇಕೆ ಎದುರಿಸಿದ ರೋಗಾಣುಗಳಿಗೆಂದು ತಯಾರಾದವು. ನಿಮ್ಮ ನೆಗಡಿ ಅವಕ್ಕೆ ಹೇಗೆ ಗೊತ್ತಿರಬೇಕು, ಅಲ್ವಾ?

ಗಿಣ್ಣಿನಲ್ಲಿ ಬೇರೆಯವೂ ಇವೆ. ಲ್ಯಾಕ್ಟೋಫೆರಿನ್ ಅನ್ನುವ ಪ್ರೋಟೀನ್ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಮಾಡುತ್ತದೆ. ಆಲಿಗೋಸ್ಯಾಕರೈಡ್ ಅನ್ನುವ ಸಕ್ಕರೆಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟ. ಇವು ಹಸುವಿನ ಹಾಲಿಗಿಂತ ಮೇಕೆ ಹಾಲಿನಲ್ಲಿ ಜಾಸ್ತಿ, ಆದರೆ ತಾಯಿಯ ಹಾಲಿನ ಹತ್ತಿರಕ್ಕೂ ಬರುವುದಿಲ್ಲ. ಐಜಿಎಫ್-1ನಂಥ ಬೆಳವಣಿಗೆಯ ಅಂಶಗಳೂ ಇವೆ. ಇದೇ ಕಾರಣಕ್ಕೆ ವಾಡಾ, ಅಂದರೆ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಸಂಸ್ಥೆ, ಗಿಣ್ಣನ್ನು ನಿಷೇಧಿಸದಿದ್ದರೂ ಆಟಗಾರರು ಅದನ್ನು ತೆಗೆದುಕೊಳ್ಳದಿರುವುದೇ ಒಳ್ಳೆಯದು ಅನ್ನುತ್ತದೆ.

ನೋವಿನ ಮಾತ್ರೆಗಳಿಂದ ಕರುಳಿನ ಗೋಡೆಗೆ ಆಗುವ ಪೆಟ್ಟನ್ನು ಗಿಣ್ಣು ತಗ್ಗಿಸುವ ಸೂಚನೆ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅಲ್ಲಿ ಬಳಸಿದ್ದು ಹಸುವಿನ ಗಿಣ್ಣು. ಮೇಕೆ ಪುಡಿಯ ಡಬ್ಬಿಯವರು ಆ ಫಲಿತಾಂಶವನ್ನು ತಮ್ಮದೆಂಬಂತೆ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಹಸುವಿನ ಹಾಲಿನ ಅಲರ್ಜಿ ಇದ್ದರಂತೂ ಇದನ್ನು ಮುಟ್ಟಬೇಡಿ. ಪ್ರೋಟೀನ್‌ಗಳು ಎಷ್ಟು ಹತ್ತಿರವೆಂದರೆ ಅಂಥ ಹೆಚ್ಚಿನವರಿಗೆ ಮೇಕೆ ಹಾಲೂ ಆಗಿಬರುವುದಿಲ್ಲ.

ಕುದಿಸಿದರೆ ಗಿಣ್ಣು ಗಟ್ಟಿಯಾಗುತ್ತದೆ, ಆಂಟಿಬಾಡಿಗಳೂ ಹಾಳಾಗುತ್ತವೆ. ಹಾಗಾದರೆ ಹಸಿಯಾಗಿಯೇ ಕುಡಿಯೋಣ ಅಂತ ಮಾತ್ರ ಹೊರಡಬೇಡಿ. ಮಾಲ್ಟಾದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಜ್ವರ, ಈಗ ನಾವು ಬ್ರುಸೆಲ್ಲೋಸಿಸ್ ಅನ್ನುವುದು, ಹಸಿ ಮೇಕೆ ಹಾಲಿನಿಂದ ಬರುತ್ತದೆಂದು ಗೊತ್ತಾದದ್ದು 1905ರಲ್ಲಿ, ವೈದ್ಯ ಥೆಮಿಸ್ಟೊಕ್ಲಿಸ್ ಜಮ್ಮಿತ್ ಅಲ್ಲಿನ ಮೇಕೆಗಳ ರಕ್ತ ಪರೀಕ್ಷಿಸಿದಾಗ. ಆ ಮೇಕೆಗಳು ನೋಡುವುದಕ್ಕೆ ಗಟ್ಟಿಮುಟ್ಟಾಗಿಯೇ ಇದ್ದವು.