ಎಚ್‌ಐವಿ ಸೋಂಕಿನ ಆರಂಭದಲ್ಲಿ ವೈರಸ್ ತಾನಾಗಿಯೇ ಇಳಿಯುತ್ತದೆ. ಹಾಗಿದ್ದರೆ ದೇಹ ಅದನ್ನು ಪೂರ್ತಿ ತೊಲಗಿಸುವುದಿಲ್ಲವೇಕೆ?

ವೈರಸ್ಸನ್ನು ಇಳಿಸುವುದು ಮುಖ್ಯವಾಗಿ ಸಿಡಿ8 ಟಿ ಕೋಶಗಳು, ಅಂದರೆ ಸೋಂಕಿತ ಕೋಶಗಳನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳು; ಆದರೆ ಅವು ಸಾಕಷ್ಟು ಸಂಖ್ಯೆಯಲ್ಲಿ ಬೆಳೆಯುವಷ್ಟರಲ್ಲಿ ವೈರಸ್ ಅಡಗುತಾಣ ಮಾಡಿಕೊಂಡಿರುತ್ತದೆ.

ಸೋಂಕು ತಗಲಿದ ಸುಮಾರು 2ರಿಂದ 4 ವಾರಗಳಲ್ಲಿ ರಕ್ತದಲ್ಲಿ ವೈರಸ್ ಉತ್ತುಂಗಕ್ಕೇರಿ, ಬಳಿಕ ಇಳಿದು, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುವ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಚಿಕಿತ್ಸೆ ಇಲ್ಲದಿದ್ದಾಗ, ಈ ಮಟ್ಟ ಕೆಳಗಿದ್ದಷ್ಟೂ ರೋಗ ಸಾಮಾನ್ಯವಾಗಿ ನಿಧಾನವಾಗಿ ಮುಂದುವರಿಯುತ್ತದೆ. ಪೂರ್ತಿ ಹೋಗದಿರಲು ಮುಖ್ಯ ಕಾರಣವೆಂದರೆ, ವೈರಸ್ ತನ್ನ ವಂಶವಾಹಿಗಳನ್ನು ರೋಗನಿರೋಧಕ ವ್ಯವಸ್ಥೆಯದೇ ಆದ ಸಿಡಿ4 ಕೋಶಗಳ ಡಿಎನ್‌ಎಯೊಳಗೆ ಸೇರಿಸಿಬಿಡುತ್ತದೆ; ಅವುಗಳಲ್ಲಿ ಕೆಲವು ವೈರಸ್ಸಿನ ಪ್ರೋಟೀನುಗಳನ್ನು ತಯಾರಿಸದೆ ವರ್ಷಗಟ್ಟಲೆ ಸುಪ್ತವಾಗಿರುವುದರಿಂದ ಸಿಡಿ8 ಕೋಶಗಳಿಗೆ ಗುರುತೇ ಸಿಗುವುದಿಲ್ಲ. ವೈರಸ್ ಬಹುಬೇಗ ರೂಪಾಂತರಗೊಳ್ಳುವುದೂ ಅದಕ್ಕೆ ನೆರವಾಗುತ್ತದೆ.

ಆರಂಭದ ಜ್ವರ, ಮೈಕೈನೋವುಗಳನ್ನು ನಮ್ಮ ಮಂಗಳೂರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮಲೇರಿಯ ಅಥವಾ ಡೆಂಗಿ ಎಂದುಕೊಳ್ಳುವುದು ತೀರಾ ಸುಲಭ. ಸೋಂಕಿನ ಸಾಧ್ಯತೆಯಿದ್ದವರು ಜ್ವರ ಬಿಟ್ಟಿತೆಂದು ಸುಮ್ಮನಾಗದೆ ವೆನ್ಲಾಕ್ ಆಸ್ಪತ್ರೆಯಂಥ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ಎಆರ್‌ಟಿ ಔಷಧಿಯನ್ನು (ವೈರಸ್ ವೃದ್ಧಿಯಾಗದಂತೆ ತಡೆಯುವ ಚಿಕಿತ್ಸೆ) ಬೇಗ ಆರಂಭಿಸಿದಷ್ಟೂ ಆ ಸುಪ್ತ ಕೋಶಗಳ ಸಂಗ್ರಹ ಚಿಕ್ಕದಾಗಿ ಉಳಿಯುತ್ತದೆ.