ಡೊನೇಷನ್‌ನಲ್ಲಿ ಫುಲ್ ಟೈಮ್ ಡೆವಲಪರ್: ಮೊದಲನೇ ಸಲ ದುಡ್ಡು ಬರತ್ತೆ, ಎರಡನೇ ಸಲದ ಲೆಕ್ಕ ಈಗ್ಲೇ ಹಾಕಿ

ನಿಮ್ಮ ಪೋಸ್ಟ್ ಎರಡು ಸಲ ಓದ್ದೆ. ನಿಮ್ಮದು ಸಣ್ಣ ಕ್ರಿಪ್ಟೋ ಕಾಯಿನ್, ಪ್ರೀಮೈನ್ (ಶುರುವಿಗೆ ಮೊದಲೇ ಟೀಮ್ ತನಗಂತ ತೆಗೆದಿಟ್ಕೊಳ್ಳೋ ಕಾಯಿನ್) ಇಲ್ಲ, ಹಿಂದೆ ಕಂಪನಿ ಇಲ್ಲ, ಕೋಡ್ ಬರಿಯೋರು ಇಬ್ಬರು, ಅದೂ ಆಫೀಸ್ ಮುಗಿಸ್ಕೊಂಡು ರಾತ್ರಿ ಕೂತು. ಅದ್ರಲ್ಲಿ ಒಬ್ಬರು ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಬರ್ತೀನಿ ಅಂತಿದಾರೆ, ಡೊನೇಷನ್ ಎತ್ತಿ ಒಂದು ವರ್ಷ ಅವರಿಗೆ ಸಂಬಳ ಕೊಡೋಕಾಗತ್ತಾ ಅಂತ ನಿಮ್ಮ ಪ್ರಶ್ನೆ. ಆಗತ್ತೆ. ಆದ್ರೆ ಒಂದು ವರ್ಷ ಅಂತ ಹೊರಡ್ಬೇಡಿ, ಮೂರು ತಿಂಗಳು ಅಂತ ಹೊರಡಿ, ಜಾಸ್ತಿ ಅಂದ್ರೆ ಆರು. ನಾನು ಒಂದು ಸಣ್ಣ ಕಾಯಿನ್ ಪ್ರಾಜೆಕ್ಟ್‌ನ ಡೊನೇಷನ್ ಲೆಕ್ಕ ಎರಡೂವರೆ ವರ್ಷ ನೋಡ್ಕೊಂಡಿದ್ದೆ, ಹೆಸರು ಬೇಡ ಬಿಡಿ. ಅಲ್ಲಿ ಕಲಿತಿದ್ದು ಏನಂದ್ರೆ ಮೊದಲನೇ ಸಲ ದುಡ್ಡು ಎತ್ತೋದು ದೊಡ್ಡ ವಿಷಯ ಅಲ್ಲ, ಎಲ್ಲರಿಗೂ ಹುರುಪು ಇರತ್ತೆ. ಎರಡನೇ ಸಲ ಅದೇ ಮನುಷ್ಯನಿಗೆ, ಅದೇ ಕೆಲಸಕ್ಕೆ, ಅದೇ ಜನರ ಹತ್ರ ಕೇಳ್ತೀವಲ್ಲ, ಅಲ್ಲಿ ಗೊತ್ತಾಗತ್ತೆ.

ಯಾಕೆ ಹಾಗಾಗತ್ತೆ ಅಂದ್ರೆ ಜನ ಫೀಚರ್‌ಗೆ ದುಡ್ಡು ಕೊಡ್ತಾರೆ, ಪ್ರಾಜೆಕ್ಟ್ ನಡಿಯೋದು ಮಾತ್ರ ಮೇಂಟೆನೆನ್ಸ್ ಮೇಲೆ. ನಮ್ಮಲ್ಲಿ ಡೊನೇಷನ್‌ನಿಂದ ಸಂಬಳ ತಗೋತಿದ್ದ ಹುಡುಗನ ಎರಡನೇ ತಿಂಗಳ ರಿಪೋರ್ಟ್ ಹೀಗಿತ್ತು: ಕೆಲವು ನೋಡ್‌ಗಳು (ನೆಟ್ವರ್ಕ್ ನಡಿಸೋ ಕಂಪ್ಯೂಟರ್‌ಗಳು) ರೀಆರ್ಗ್ ಆದ್ಮೇಲೆ, ಅಂದ್ರೆ ಚೈನ್‌ನ ಕೊನೆಯ ಬ್ಲಾಕ್‌ಗಳು ಬದಲಾದ್ಮೇಲೆ, ಸಿಂಕ್ ಆಗ್ದೆ ಹಾಗೇ ನಿಂತುಬಿಡ್ತಿದ್ವು, ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಸುಮ್ನೆ ನಿಲ್ಲೋದು. ಆ ಹುಡುಗ ಒಂಬತ್ತು ದಿನ ಲಾಗ್ ಓದಿ, ಟೆಸ್ಟ್ ನೆಟ್ವರ್ಕ್‌ನಲ್ಲಿ ಬೇಕಂತಲೇ ರೀಆರ್ಗ್ ಮಾಡ್ಸಿ ಮಾಡ್ಸಿ ಕೊನೆಗೆ ಹಿಡಿದ. ಪ್ರೋಗ್ರಾಮ್‌ನಲ್ಲಿ ಒಟ್ಟಿಗೇ ಓಡೋ ಎರಡು ಥ್ರೆಡ್ ಎರಡು ಲಾಕನ್ನ ಉಲ್ಟಾ ಆರ್ಡರ್‌ನಲ್ಲಿ ತಗೋತಿದ್ವು, ಇದು ಅದಕ್ಕೆ ಕಾಯೋದು ಅದು ಇದಕ್ಕೆ ಕಾಯೋದು. ಫಿಕ್ಸ್ ಏನು ಅಂದ್ರೆ ಒಂದು ಸಾಲನ್ನ ಮೂರು ಸಾಲು ಮೇಲಕ್ಕೆ ಹಾಕಿದ್ದು, ಅಷ್ಟೇ. ಒಬ್ಬ ಡೋನರ್ ಕೇಳಿದ್ರು, ಒಂಬತ್ತು ದಿನಕ್ಕೆ ಒಂದು ಸಾಲಾ ಅಂತ. ಅವರ ತಪ್ಪಲ್ಲ ಅದು, ನಾವು ದುಡ್ಡು ಕೇಳೋವಾಗ ಹೊಸ ವ್ಯಾಲೆಟ್ ಬರತ್ತೆ ಅದು ಬರತ್ತೆ ಇದು ಬರತ್ತೆ ಅಂತ ಬರ್ದಿದ್ವಿ, ಇಂಥ ಕೆಲಸ ಇರತ್ತೆ ಅಂತ ಎಲ್ಲೂ ಬರ್ದೇ ಇರ್ಲಿಲ್ಲ.

ಅದಕ್ಕೇ ಪ್ರಪೋಸಲ್‌ನಲ್ಲಿ ಫೀಚರ್ ಮಾರ್ಬೇಡಿ, ಟೈಮ್ ಮಾರಿ. ಇವರು ಇಷ್ಟು ತಿಂಗಳು ವಾರಕ್ಕೆ ಇಷ್ಟು ಗಂಟೆ ಇದ್ರಲ್ಲೇ ಇರ್ತಾರೆ, ಅದ್ರಲ್ಲಿ ಅರ್ಧದಷ್ಟು ಬೇರೆಯವರ ಕೋಡ್ ರಿವ್ಯೂ, ಬಗ್, ರಿಲೀಸ್ ಕೆಲಸ, ಉಳಿದದ್ದು ಹೊಸದು, ಅಂತ ನೇರವಾಗಿ ಬರೀರಿ. ಮೇಲೆ ಕಾಮೆಂಟ್‌ನಲ್ಲಿ ಒಬ್ರು ಬೌಂಟಿ ಇಡಿ, ಅಂದ್ರೆ ಈ ಕೆಲಸಕ್ಕೆ ಇಷ್ಟು ಬಹುಮಾನ ಅಂತ ಇಡಿ ಅಂದಿದಾರೆ. ಸಣ್ಣ ಬಿಡಿ ಕೆಲಸಕ್ಕೆ ಓಕೆ, ಆದ್ರೆ ಕನ್ಸೆನ್ಸಸ್ ಕೋಡ್‌ಗೆ (ಯಾವ ಬ್ಲಾಕ್ ಸರಿ ಅಂತ ಎಲ್ಲ ನೋಡ್‌ಗಳೂ ಒಪ್ಪೋ ನಿಯಮದ ಕೋಡ್) ಬೇಡ, ಬೌಂಟಿಗೆ ಬಂದವನು ದುಡ್ಡು ತಗೊಂಡು ಹೋಗ್ತಾನೆ, ಅವನ ಕೋಡ್ ರಿವ್ಯೂ ಮಾಡೋಕೆ ಮತ್ತೆ ನಿಮ್ಮ ಅದೇ ಇಬ್ಬರು ರಾತ್ರಿ ಕೂರ್ಬೇಕು.

ಈಗ ಬೇರೆಯವರು ಏನ್ ಮಾಡಿದಾರೆ ನೋಡಿ. ನಿಮ್ಮದಕ್ಕೆ ತೀರಾ ಹತ್ರ ಇರೋದು ಗ್ರಿನ್ ಅನ್ನೋ ಕಾಯಿನ್, 2019ರ ಜನವರಿಯಲ್ಲಿ ಶುರುವಾಯ್ತು, ಪ್ರೀಮೈನ್ ಇಲ್ಲ ಡೆವ್ ಟ್ಯಾಕ್ಸ್ (ಹೊಸ ಕಾಯಿನ್‌ನಲ್ಲಿ ಡೆವಲಪರ್‌ಗೆ ಹೋಗೋ ಪಾಲು) ಇಲ್ಲ. ಮೈನಿಂಗ್ ಕಡೆ ದೊಡ್ಡ ದೊಡ್ಡ ಹೂಡಿಕೆ ಹರಿದುಬಂತು, ಅದೇ ಹೊತ್ತಲ್ಲಿ ಮುಖ್ಯ ಡೆವಲಪರ್ ಸಂಬಳಕ್ಕೆ ಎತ್ತಿದ ಡೊನೇಷನ್ ಕುಂಟ್ತಾ ಇತ್ತು. ಆಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ಯಾರೋ ಹೆಸರು ಹೇಳ್ದೆ 50 ಬಿಟ್‌ಕಾಯಿನ್ ಅವರ ಜನರಲ್ ಫಂಡ್‌ಗೆ ಹಾಕಿದ್ರು. ಖುಷಿಯ ವಿಷಯನೇ, ಆದ್ರೆ ಇನ್ನೊಬ್ಬ ಅಂಥವನು ಬರ್ತಾನೆ ಅಂತ ಕಾಯೋದು ಪ್ಲಾನ್ ಆಗಲ್ಲ.

ಬ್ಲಾಕ್ ರಿವಾರ್ಡ್‌ನಲ್ಲೇ (ಪ್ರತಿ ಬ್ಲಾಕ್‌ಗೆ ಹುಟ್ಟಿ ಮೈನರ್‌ಗೆ ಸಿಗೋ ಹೊಸ ಕಾಯಿನ್) ಒಂದು ಪಾಲು ಡೆವಲಪರ್‌ಗೆ ಇಟ್ಬಿಡಿ ಅಂತಾನೂ ಮೇಲೆ ಒಬ್ರು ಹೇಳಿದಾರೆ. ಜೀಕ್ಯಾಶ್ ಹಾಗೇ ಮಾಡ್ತು, 2016ರಲ್ಲಿ ಶುರುವಾದ ದಿನದಿಂದ ಮೊದಲ ನಾಲ್ಕು ವರ್ಷ 20 ಪರ್ಸೆಂಟ್ ಆಚೆ ಹೋಗ್ತಿತ್ತು, ಎಲ್ಲರಿಗೂ ಮೊದಲೇ ಗೊತ್ತಿತ್ತು. ನಡಿಯೋ ಚೈನ್‌ನಲ್ಲಿ ಮಧ್ಯೆ ತರೋದು ಬೇರೆ ಕಥೆ. ಬಿಟ್‌ಕಾಯಿನ್ ಕ್ಯಾಶ್‌ನಲ್ಲಿ 2020ರ ಜನವರಿಯಲ್ಲಿ 12.5 ಪರ್ಸೆಂಟ್ ಅಂತ ಮಾತು ಎತ್ತಿದ್ರು, ಜಗಳ ಆಯ್ತು, ಆಮೇಲೆ 8 ಪರ್ಸೆಂಟ್ ಅಂತ ಬಂತು, ಕೊನೆಗೆ ನವೆಂಬರ್ 15ಕ್ಕೆ ಚೈನೇ ಎರಡಾಯ್ತು. ನಿಮ್ಮದು ಸಣ್ಣ ಪ್ರಾಜೆಕ್ಟ್, ಎರಡಾದ್ರೆ ಎರಡೂ ಉಳಿಯಲ್ಲ.

ಅದೇ ಬಿಟ್‌ಕಾಯಿನ್ ಕ್ಯಾಶ್ ಜನ 2020ರಲ್ಲೇ ಫ್ಲಿಪ್‌ಸ್ಟಾರ್ಟರ್ ಅಂತ ಡೊನೇಷನ್ ಎತ್ತೋ ಒಂದು ವ್ಯವಸ್ಥೆ ಮಾಡಿದ್ರು, ಅದು ನನಗೆ ತುಂಬ ಹಿಡಿಸ್ತು. ಪ್ರತಿಯೊಬ್ಬ ಡೋನರ್ ತನ್ನ ಕಾಯಿನ್‌ಗೆ ಮಾತ್ರ ಸಹಿ ಹಾಕ್ತಾನೆ, ಔಟ್‌ಪುಟ್ ಅಂದ್ರೆ ಯಾರಿಗೆ ಎಷ್ಟು ಹೋಗ್ಬೇಕು ಅನ್ನೋದು ಮೊದಲೇ ಫಿಕ್ಸ್. ಎಲ್ಲರ ಕಾಯಿನ್ ಸೇರಿ ಗುರಿ ಮುಟ್ಟದೇ ಆ ಟ್ರಾನ್ಸಾಕ್ಷನ್ ವ್ಯಾಲಿಡ್ ಆಗೋದೇ ಇಲ್ಲ, ದುಡ್ಡು ಅವರವರ ವ್ಯಾಲೆಟ್‌ನಲ್ಲೇ ಇರತ್ತೆ, ಮನಸ್ಸು ಬದಲಾಯ್ತು ಅಂದ್ರೆ ಆ ಕಾಯಿನ್ ಬೇರೆ ಕಡೆ ಖರ್ಚು ಮಾಡಿದ್ರೆ ಆಯ್ತು, ಯಾರ ಹತ್ರಾನೂ ವಾಪಸ್ ಕೇಳ್ಬೇಕಾಗಿಲ್ಲ. ಇದ್ರಿಂದ ಏನು ಲಾಭ ಅಂದ್ರೆ ಅರ್ಧ ದುಡ್ಡು ಬಂದು ಸಿಕ್ಕಿಹಾಕ್ಕೊಳ್ಳೋದು ತಪ್ಪತ್ತೆ. ಅರ್ಧ ದುಡ್ಡು ತೀರಾ ಕೆಟ್ಟದ್ದು ರೀ, ಕೆಲಸ ಬಿಡೋಕೂ ಸಾಲಲ್ಲ, ಡೋನರ್‌ಗೆ ಇಲ್ಲ ಅನ್ನೋಕೂ ಆಗಲ್ಲ. ನಿಮ್ಮ ಚೈನ್‌ನಲ್ಲಿ ಅಂಥ ಸಿಗ್ನೇಚರ್ ಸೌಲಭ್ಯ ಇಲ್ದಿದ್ರೆ ಮೊದಲು ಬಾಯಿಮಾತಿನ ಪ್ಲೆಡ್ಜ್ ತಗೊಳ್ಳಿ, ಗುರಿ ಮುಟ್ಟಿದ್ಮೇಲೇ ಅಡ್ರೆಸ್ ಕೊಡಿ.

ಬೆಲೆ ವಿಷಯ ಇನ್ನೊಂದು, ಇದರಲ್ಲೇ ನಾವು ಮಣ್ಣುಮುಕ್ಕಿದ್ದು. ಆರು ತಿಂಗಳ ಸಂಬಳ ನಮ್ಮ ಕಾಯಿನ್‌ನಲ್ಲೇ ಎತ್ತಿದ್ವಿ, ಅದನ್ನ ಮಾರಿದ್ರೆ ಪ್ರಾಜೆಕ್ಟ್ ಮೇಲೆ ನಂಬಿಕೆ ಇಲ್ಲ ಅಂದ್ಕೋತಾರೆ ಅಂತ ಮಾರ್ಲೇ ಇಲ್ಲ. ನಾಲ್ಕನೇ ತಿಂಗಳಿಗೆ ಬೆಲೆ ಅರ್ಧಕ್ಕೆ ಬಂತು. ಆ ಹುಡುಗ ಏನೂ ಹೇಳ್ಲಿಲ್ಲ, ಐದನೇ ತಿಂಗಳು ಪೂರ್ತಿ ಮಾಡ್ದ, ಆರನೇ ತಿಂಗಳು ಬೇರೆ ಕಡೆ ಇಂಟರ್‌ವ್ಯೂ ಕೊಡ್ತಿದ್ದ. ಬೆಲೆ ಬಿದ್ದಾಗ ಸಂಬಳ ಕರಗತ್ತೆ, ಸರಿಯಾಗಿ ಅದೇ ಹೊತ್ತಿಗೆ ಡೋನರ್‌ಗಳೂ ಕೈ ಎತ್ತುತ್ತಾರೆ, ಎರಡೂ ಏಟು ಒಟ್ಟಿಗೇ. ಹಾಗಾಗಿ ಗುರಿಯನ್ನ ನಿಮ್ಮ ಡೆವಲಪರ್‌ ಬಾಡಿಗೆ ಯಾವ ಕರೆನ್ಸಿಯಲ್ಲಿ ಹೋಗತ್ತೋ ಆ ಕರೆನ್ಸಿಯಲ್ಲಿ ಇಡಿ, ದುಡ್ಡು ಬಂದ ವಾರದಲ್ಲೇ ಸಂಬಳದ ಭಾಗ ಆ ಕರೆನ್ಸಿಗೆ ಬದಲಾಯಿಸಿ, ಹೀಗೇ ಮಾಡ್ತೀವಿ ಅಂತ ಪ್ರಪೋಸಲ್‌ನಲ್ಲೇ ಬರ್ದಿಡಿ. ಮೊದಲೇ ಬರ್ದಿದ್ರೆ ಯಾರೂ ಬಾಯಿ ಬಿಡಲ್ಲ. ಟ್ಯಾಕ್ಸ್ ಅವರ ದೇಶದಲ್ಲಿ ಹೇಗೆ ಅಂತ ಅವರೇ ಕೇಳ್ಕೊಂಡು ಗುರಿಗೆ ಸೇರಿಸ್ಲಿ.

ಡೊನೇಷನ್ ಇಡೋ ವ್ಯಾಲೆಟ್ ಬಗ್ಗೆ ಹೆಚ್ಚು ಹೇಳಲ್ಲ, ಮೊನೇರೋ ಅನ್ನೋ ಕಾಯಿನ್ ಕಥೆ ಸಾಕು. ಅವರದ್ದು ಕಮ್ಯುನಿಟಿ ಕ್ರೌಡ್‌ಫಂಡಿಂಗ್, ಮೈಲ್‌ಸ್ಟೋನ್ ಮುಗಿದ ಹಾಗೆ ದುಡ್ಡು ಬಿಡೋದು, ವರ್ಷಗಟ್ಲೆ ಚೆನ್ನಾಗೇ ನಡೀತು, ಡೊನೇಷನ್ ನಡಿಯತ್ತೆ ಅನ್ನೋಕೆ ಅದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆ ವ್ಯಾಲೆಟ್‌ನಿಂದ 2,675 ಚಿಲ್ಲರೆ ಮೊನೇರೋ ಖಾಲಿ ಆಯ್ತು, ಸೀಡ್ (ವ್ಯಾಲೆಟ್ ತೆರೆಯೋ ಗುಟ್ಟಿನ ಪದಗಳು) ಇದ್ದಿದ್ದು ಇಬ್ಬರ ಹತ್ರ ಮಾತ್ರ. ನೀವು ಮೂರರಲ್ಲಿ ಇಬ್ಬರ ಸಹಿ ಬೇಕಾಗೋ ಮಲ್ಟಿಸಿಗ್ ಮಾಡಿ, ಆ ಮೂವರಲ್ಲಿ ಸಂಬಳ ತಗೊಳ್ಳೋರು ಇರ್ಬಾರ್ದು, ತಿಂಗಳ ಸಂಬಳ ತಿಂಗಳಿಗೇ ಬಿಡಿ.

ಕೊಡೋರು ಯಾರು ಅನ್ನೋದು ಉಳೀತು. ನೂರು ಜನ ಐದೈದು ಡಾಲರ್ ಕೊಟ್ಟು ಒಬ್ಬ ಎಂಜಿನಿಯರ್ ಸಂಬಳ ಆಗಲ್ಲ, ನಮ್ಮಲ್ಲಿ ಮುಕ್ಕಾಲು ದುಡ್ಡು ಬಂದಿದ್ದು ಏಳು ಜನರಿಂದ. ನಿಮ್ಮ ಕಾಯಿನ್ ಮೇಲೆ ಯಾರ ವ್ಯಾಪಾರ ನಿಂತಿದೆ ನೋಡಿ, ಮೈನಿಂಗ್ ಪೂಲ್ (ಮೈನರ್‌ಗಳ ಕೂಟ) ನಡಿಸೋರು, ಎಕ್ಸ್‌ಚೇಂಜ್, ವ್ಯಾಲೆಟ್ ಮಾಡೋರು, ಅವರಿಗೆ ಬೇರೆಯಾಗಿ ಮೆಸೇಜ್ ಮಾಡಿ ಕೇಳಿ, ಸಂಕೋಚ ಬೇಡ. ಆದ್ರೆ ಅರ್ಧಕ್ಕಿಂತ ಜಾಸ್ತಿ ಒಬ್ಬರೇ ಕೊಡ್ತೀನಿ ಅಂದ್ರೆ ಸ್ವಲ್ಪ ಯೋಚನೆ ಮಾಡಿ. ಬಿಟ್‌ಕಾಯಿನ್‌ನಲ್ಲೇ ನೋಡಿ, 2015ರಲ್ಲಿ ಬಿಟ್‌ಕಾಯಿನ್ ಫೌಂಡೇಶನ್ ದುಡ್ಡು ಮುಗಿದು ಮೂವರು ಡೆವಲಪರ್‌ಗಳು ಎಮ್‌ಐಟಿಗೆ ಹೋಗ್ಬೇಕಾಯ್ತು. ಈಗ ಚೈನ್‌ಕೋಡ್, ಬ್ರಿಂಕ್, ಓಪನ್‌ಸ್ಯಾಟ್ಸ್ ಅಂತ ಬೇರೆ ಬೇರೆ ಕಡೆಯಿಂದ ಸಂಬಳ ಬರತ್ತೆ, ಒಂದು ನಿಂತ್ರೆ ಇನ್ನೊಂದಿದೆ.

ಮೂರು ತಿಂಗಳಿಗೆ ಕೇಳಿದ್ರೆ ಎರಡನೇ ತಿಂಗಳ ಮಧ್ಯದಲ್ಲೇ ಮುಂದಿನದ್ದು ಶುರು ಮಾಡ್ಬೇಕು, ಆಮೇಲೆ ಈ ಕೇಳೋ ಕೆಲಸ ಆ ಡೆವಲಪರ್ ಮೇಲೆ ಹಾಕ್ಬೇಡಿ, ತನ್ನ ಸಂಬಳ ತಾನೇ ಬೇಡೋ ಹಾಗಾದ್ರೆ ಯಾರೂ ಹೆಚ್ಚು ದಿನ ಇರಲ್ಲ, ಅದನ್ನ ನೀವು ಮಾಡಿ. ಡ್ರಾಫ್ಟ್ ಮಾಡಿ ಇಲ್ಲೇ ಹಾಕಿ, ಅವರ ಈಗಿನ ತಿಂಗಳ ಖರ್ಚು ಎಷ್ಟು ಅಂತ ಒಂದು ಸಾಲು ಇರ್ಲಿ, ಲೆಕ್ಕ ನಾನು ನೋಡಿಕೊಡ್ತೀನಿ. ಅಲ್ಲಿವರೆಗೆ ಅವರು ಕೆಲಸಕ್ಕೆ ರಾಜೀನಾಮೆ ಕೊಡೋದು ಬೇಡ ಅಂತ ಹೇಳಿ.